ಬ್ರೇಕಿಗೆ ಹಾಕಿದ ಎಣ್ಣೆ

ಪಂಕ್ಚರ್ ಹಾಕಿಸಲು ಗ್ಯಾರೇಜಿನ ಬೆಂಚಿನ ಮೇಲೆ ಕೂತಿದ್ದೆ. ಹಿರಿಯರೊಬ್ಬರು ಹಳೆಯ ಬೈಕೊಂದನ್ನು ಏದುಸಿರು ಬಿಡುತ್ತ ತಳ್ಳಿಕೊಂಡು ಬಂದರು.

“ಮುಂದಿನ ಬ್ರೇಕ್ ಹಿಡಿದ್ರೆ ಬಿಡ್ತಾನೇ ಇಲ್ಲಪ್ಪ. ಚಕ್ರ ತಿರುಗೋದೇ ಕಷ್ಟ.”

ಮೆಕ್ಯಾನಿಕ್ ಬಗ್ಗಿ ನೋಡಿದ. “ಬ್ರೇಕ್ ಆಯಿಲ್ ಮುಚ್ಚಳ ಬಿಚ್ಚಿದ್ರಾ ಯಜಮಾನ್ರೇ?”

“ಕಮ್ಮಿಯಾಗಿತ್ತು. ಮನೇಲಿದ್ದ ಇಂಜಿನ್ ಆಯಿಲ್ ಹಾಕ್ದೆ.”

“ಅಯ್ಯೋ! ಅದು ಹಾಕಿದ್ರೆ ಒಳಗಿನ ರಬ್ಬರ್ ಉಬ್ಬಿಹೋಗುತ್ತೆ. ಇಳಿಜಾರಲ್ಲಿ ಬ್ರೇಕ್ ಬಿಸಿಯಾದ್ರೆ ಚಕ್ರ ಕಚ್ಕೊಂಡು ಎತ್ತಿ ಎಸೆಯುತ್ತೆ. ನಿಮ್ಮ ಪುಣ್ಯ, ಮನೆ ಹತ್ರಾನೇ ನಿಲ್ತು.”

ಹಿರಿಯರು ಬಂದು ನನ್ನ ಪಕ್ಕ ಬೆಂಚಿನ ಮೇಲೆ ಕೂತರು.

“ನಿನ್ನೆ ಮಗಳ ಗಾಡಿಗೂ ಅದನ್ನೇ ಹಾಕಿದೀನಿ.”

“ಅವರೆಲ್ಲಿ ಈಗ?”

“ಗುಡ್ಡದ ಮೇಲಿನ ಆಸ್ಪತ್ರೇಲಿ ನರ್ಸು. ಐದಕ್ಕೆ ಕೆಲಸ ಬಿಡ್ತಾಳೆ.”

“ಐದಾಯ್ತಲ್ರೀ! ಫೋನ್ ಮಾಡಿ!”

“ನನ್ನ ಗಾಡಿ ಮುಟ್ಬೇಡಿ ಅಪ್ಪಾ ಅಂದಿದ್ಳು. ಕದ್ದು ಹಾಕ್ದೆ. ಈಗ ಏನಂತ ಹೇಳ್ಲಿ?”

“ಬೈದ್ರೆ ಬೈಸ್ಕೊಳ್ಳಿ. ಬೈಯೋಕಾದ್ರೂ ಅವರು ಇರ್ಬೇಕಲ್ಲ!”

ಹಿರಿಯರು ಫೋನ್ ತೆಗೆದರು, ಗಾಬರಿಯಲ್ಲಿ ಮಗಳ ನಂಬರ್ ಸಿಗಲಿಲ್ಲ. ಮೆಕ್ಯಾನಿಕ್ಕೇ ಒತ್ತಿಕೊಟ್ಟ. ಮೊದಲ ಸಲ ಯಾರೂ ಎತ್ತಲಿಲ್ಲ. ಎರಡನೇ ಸಲ ಮಗಳು ಎತ್ತಿದೊಡನೆ ಹಿರಿಯರು ಎದ್ದು ನಿಂತರು.

“ಎಲ್ಲಿದ್ದೀಯಮ್ಮಾ? ಹೆಲ್ಮೆಟ್ ಹಾಕ್ಕೊಂಡ್ಯಾ? ತೆಗಿ ಮಗಳೇ, ಗಾಡಿಯಿಂದ ಇಳಿ. ಆ ಬ್ರೇಕಿಗೆ ನಾನು ಬೇರೆ ಎಣ್ಣೆ ಹಾಕ್ಬಿಟ್ಟೆ… ಹೂಂ, ನಾನೇ… ಬೈ, ಎಷ್ಟು ಬೇಕಾದ್ರೂ ಬೈ. ಅಲ್ಲೇ ಇರು, ನಾವೇ ಬರ್ತೀವಿ.”

ಮೆಕ್ಯಾನಿಕ್ ಆಗಲೇ ತನ್ನ ಟೆಂಪೊ ಸ್ಟಾರ್ಟ್ ಮಾಡಿದ್ದ. ಹಿರಿಯರು ಫೋನನ್ನು ಕಿವಿಯಿಂದ ತೆಗೆಯದೆಯೇ ಹತ್ತಿ ಕೂತರು. ಟೆಂಪೊ ತಿರುವು ದಾಟುವವರೆಗೂ ಅವರು ತಲೆಯಾಡಿಸುತ್ತ ಬೈಸಿಕೊಳ್ಳುತ್ತಲೇ ಇದ್ದರು.