ಅಕ್ಕನ ಕೈಗೆ ಕೊಟ್ಟ ಹೆದರಿಕೆ

ಸಕಲ ಜೀವರ ಅಂತರಂಗದಲ್ಲಿ ನೆಲೆಸಿರುವ ಪರಮಾತ್ಮನಿಗೆ ನಮಿಸಿ, ಶಸ್ತ್ರಚಿಕಿತ್ಸಾ ಕೊಠಡಿಯ ಹೊರಗೆ ನನ್ನ ಕಿವಿಗೆ ಬಿದ್ದುದನ್ನು ಬರೆಯುತ್ತೇನೆ. ಮಿದುಳಿನ ಗಡ್ಡೆ ತೆಗೆಸಿಕೊಳ್ಳಲಿದ್ದ ದರ್ಜಿಯೊಬ್ಬ ಗಾಲಿಮಂಚದ ಮೇಲೆ ಮಲಗಿದ್ದ. ಭಯ ತಗ್ಗಿಸುವ ಮಾತ್ರೆಯನ್ನೂ ನೀರಿನ ಲೋಟವನ್ನೂ ಹಿಡಿದು ಅವನ ಅಕ್ಕ ನಿಂತಿದ್ದಳು.

“ನುಂಗೋ, ನರ್ಸಮ್ಮ ಕಾಯ್ತಿದಾರೆ.”

“ಬೇಡಕ್ಕ. ಹೆದರಿಕೆ ಇರೋದಕ್ಕೇ ದೇವರನ್ನ ಕರೀತಿದೀನಿ. ಅದು ಹೋದ್ರೆ ಕರೆಯೋದನ್ನೇ ಮರೆತುಬಿಟ್ರೆ?”

“ಬಟ್ಟೆ ಅಳತೆ ತಪ್ಪಿದಾಗ ಮಾತ್ರ ಕರೀತಿದ್ದೋನು, ಈಗ ಮಹಾಭಕ್ತ!”

“ನಗಿಸಬೇಡ, ಕೈ ನಡುಗ್ತಿದೆ.”

“ಕರೆಯೋ ಕೆಲಸ ನಂಗೆ ಬಿಡು. ಹೆದರಿಕೇನೂ ಇಲ್ಲೇ ಕೊಟ್ಟು ಹೋಗು. ನೀನು ಬರೋವರೆಗೂ ಇಟ್ಕೊಂಡಿರ್ತೀನಿ.”

“ಬಂದ್ಮೇಲೆ?”

“ಇಬ್ಬರೂ ಸೇರಿ ಎಸೆಯೋಣ.”

ಅವನು ನುಂಗಿದ. ಮಂಚ ಒಳಗೆ ಸರಿಯಿತು. ಅಕ್ಕನ ಕೈಯಲ್ಲಿದ್ದ ಖಾಲಿ ಲೋಟ ನಡುಗತೊಡಗಿತು. ಇದನ್ನು ಕೇಳಿದವರೆಲ್ಲರಿಗೂ ಭಗವಂತನು ಅಭಯವನ್ನೀಯಲಿ.