ಓಡಿದ್ದು ಮೇಜು

ಬಸ್ಸಿನ ಸಾಲಿನಲ್ಲಿ ಅವನ ಮುಂದೆ ಅಕ್ಕತಂಗಿಯರಿಬ್ಬರು ನಿಂತಿದ್ದರು. ತಂಗಿ ಪ್ರಯೋಗಾಲಯದವಳೆಂದು ಮಾತಿನಿಂದಲೇ ತಿಳಿಯಿತು. ಪರರ ಮಾತಿಗೆ ಕಿವಿಗೊಡಬಾರದೆಂದು ಅವನು ಪುಸ್ತಕ ತೆರೆದ. ಪುಟ ಮಾತ್ರ ಮಗುಚಲಿಲ್ಲ.

“ಅಕ್ಕಾ, ಆ ವಿಡಿಯೋದಲ್ಲಿ ಜೀವಕೋಶಗಳು ಓಡಿಲ್ಲ. ಮೈಕ್ರೋಸ್ಕೋಪಿನಲ್ಲಿ ಗಾಜು ಇಡೋ ಪುಟ್ಟ ಮೇಜು ಜಾರಿದೆ.”

“ಮೇಜು ಜಾರುತ್ತಾ?”

“ಸ್ಕ್ರೂ ಸಡಿಲ ಆಗಿತ್ತು. ನಾನು ಊರೆಲ್ಲ ಡಂಗುರ ಹೊಡೆದೆ.”

“ಅಯ್ಯೋ, ನಮ್ಮತ್ತೆ ಹತ್ತಿರ ನಾನೂ ಕೊಚ್ಚಿಕೊಂಡೆನಲ್ಲೇ! ಏನೋ ಎಲುಬುಗೂಡು ಅಂತ...”

“ಕೋಶದೊಳಗೂ ಎಲುಬುಗೂಡಿನಂಥದ್ದು ಒಂದಿರುತ್ತೆ. ಅದನ್ನ ಮುಂದೆ ಕಟ್ಟುತ್ತಾ, ಹಿಂದೆ ಕೆಡವುತ್ತಾ ಕೋಶ ತೆವಳುತ್ತೆ. ಕಟ್ಟೋದನ್ನ ತಡೆಯೋ ಔಷಧಿ ಹಾಕಿದ್ರೂ ಓಡ್ತಿವೆ ಅಂತ ಕುಣಿದಾಡಿದೆ. ಇವತ್ತು ಲ್ಯಾಬಿನಲ್ಲಿ ಎಲ್ಲರೆದುರು ತೋರಿಸಬೇಕು. ಮಾನ ಹೋಯ್ತು. ಈ ಸಂಶೋಧನೆ ಗಿಂಶೋಧನೆ ಬಿಟ್ಟುಬಿಡ್ತೀನಿ.”

“ಎಲ್ಲವೂ ಜಾರಿದ್ವಾ?”

“ಒಂದು ಬಿಟ್ಟು. ಅದು ನನ್ನ ಹಾಗೇ ಮೈಗಳ್ಳ. ಪರದೆ ಮೇಲೆ ಇದ್ದಲ್ಲೇ ಬಿದ್ದುಕೊಂಡಿತ್ತು.”

“ಮೇಜೇ ಜಾರುವಾಗ ಅದೊಂದು ಹೇಗೆ ಇದ್ದಲ್ಲೇ ಇತ್ತು?”

ತಂಗಿ ಒಂದು ಅಂಗೈಯನ್ನು ಮೇಜಿನಂತೆ ಮುಂದಕ್ಕೆ ಜಾರಿಸುತ್ತಾ, ಅದರ ಮೇಲೆ ಇನ್ನೊಂದು ಕೈಯ ಬೆರಳನ್ನು ಹಿಂದಕ್ಕೆ ತೆವಳಿಸಿದಳು; ಬೆರಳು ಇದ್ದಲ್ಲೇ ಉಳಿಯಿತು. ಅವನು ಪುಸ್ತಕದ ಮೇಲಿನಿಂದ ಇಣುಕಿದ.

“ಅಕ್ಕಾ... ಅದು ಎದುರು ದಿಕ್ಕಿಗೆ ತೆವಳ್ತಿತ್ತು! ಔಷಧಿ ಹಾಕಿದ ಮೇಲೂ! ಓಡಿದ್ದು ಅದೊಂದೇ!”

“ಹಾಗಾದ್ರೆ ಸಂಶೋಧನೆ ಬಿಡಲ್ಲ ತಾನೆ?”

“ಮೊದಲು ಮೇಜಿನ ಕಥೆ ಹೇಳ್ತೀನಿ, ಎಲ್ಲರೂ ಹೊಟ್ಟೆ ತುಂಬ ನಗಲಿ. ಆಮೇಲೆ ಇದನ್ನ ತೋರಿಸ್ತೀನಿ. ಆದ್ರೂ ಇನ್ನೊಂದು ಸಲ ಮಾಡಿ ನೋಡಬೇಕು.”

“ಸ್ಕ್ರೂ ಬಿಗಿ ಮಾಡಿ ನೋಡು, ಮಾರಾಯ್ತಿ. ಹತ್ತು, ಬಸ್ ಬಂತು.”

ಇಬ್ಬರೂ ನಗುತ್ತಾ ಹತ್ತಿದರು. ಬಾಗಿಲು ಮುಚ್ಚಿ ಬಸ್ಸು ತಿರುವು ದಾಟಿದ ಮೇಲೆ, ತಾನೂ ಅದೇ ಬಸ್ಸಿಗೆ ಕಾಯುತ್ತಿದ್ದುದು ಅವನಿಗೆ ನೆನಪಾಯಿತು.