ಮುದ್ದಯ್ಯನವರ ಹೆಸರಿನಲ್ಲಿ ನನ್ನ ನಾಡಿ

ವೇದಿಕೆಯ ಮೇಲಿರುವ ಡೈರಿ ಅಧ್ಯಕ್ಷರಾದ ಮುದ್ದಯ್ಯನವರೇ, ಮೈಸೂರಿನಿಂದ ಬಂದಿರುವ ಡಾಕ್ಟರ್ ಅನಂತರಾಮು ಅವರೇ, ಕಾಫಿ ಬರುವ ತನಕ ಏಳಲಾರದ ಸಭಿಕರೇ,

ಡಾಕ್ಟರ ರಕ್ತನಾಳ ತಪಾಸಣೆಯ ಶಿಬಿರ ಇಂದಿಗೆ ಮುಗಿಯಿತೆಂದು, ಯಂತ್ರ ನಡೆಸಿದ ನನಗೆ ಶಾಲು ಹೊದಿಸಿದ್ದೀರಿ. ಎಂಟು ತಿಂಗಳಿಂದ ಮುಚ್ಚಿಟ್ಟಿದ್ದ ಒಂದು ಮಾತನ್ನು ಮೊದಲು ಹೇಳಿಬಿಡುತ್ತೇನೆ. ಅಧ್ಯಕ್ಷರು ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿರುವ ರಿಪೋರ್ಟು ಅವರದಲ್ಲ, ನನ್ನದು.

ಈ ಯಂತ್ರದ ಕೆಲಸ ನಿಮಗೆ ಗೊತ್ತು. ಕುತ್ತಿಗೆಗೊಂದು, ತೊಡೆಯ ಸಂದಿಗೊಂದು ಬಿಲ್ಲೆ ಇಟ್ಟರೆ, ನಾಡಿಬಡಿತ ಅಲ್ಲಿಂದ ಇಲ್ಲಿಗೆ ಎಷ್ಟು ಬೇಗ ಬಂತೆಂದು ತೋರಿಸುತ್ತದೆ. ಪಂಪ್‌ಸೆಟ್ಟಿನ ರಬ್ಬರ್ ಪೈಪು ಬಿಸಿಲಿಗೆ ಗಡುಸಾಗುವಂತೆ ರಕ್ತನಾಳವೂ ಗಡುಸಾದರೆ ಬಡಿತ ಓಡಿ ಬರುತ್ತದೆ. ಓಡಿ ಬಂದಷ್ಟೂ ಹೃದಯಕ್ಕೆ ಅಪಾಯ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೇ ಇಷ್ಟು ತಿಳಿದ ಮೇಲೆ, ಓದಿದವರಿಗೆ ವಿವರಿಸುವ ಉದ್ಧಟತನ ಬೇಡ.

ಉದ್ಘಾಟನೆಯ ದಿನ ಮೊದಲ ಪರೀಕ್ಷೆ ಅಧ್ಯಕ್ಷರದು. ಮೊದಲ ಪಂಕ್ತಿ, ಮೊದಲ ಹಾರ, ಮೊದಲ ಪರೀಕ್ಷೆ ಅವರದಲ್ಲದೆ ಇನ್ನಾರದು? ಡಾಕ್ಟರು ಹೊರಗೆ ಹಾರ ಹಾಕಿಸಿಕೊಳ್ಳುತ್ತಿದ್ದರು. ಪರದೆಯ ಒಳಗೆ, ಪಂಚೆ ಸಡಿಲಿಸಿ ಎಂದೆ.

"ಲೇ, ನಿಮ್ಮಪ್ಪನ್ನ ಡೈರೀಲಿ ಕೆಲ್ಸಕ್ಕಿಟ್ಟೋನು ನಾನು. ನಿನ್ ಮುಂದೆ ಪಂಚೆ ಬಿಚ್ಚಾಕಾಯ್ತದೇನ್ಲಾ? ನಿಂಗೇ ಇಟ್ಕಂಡು ನನ್ನೆಸ್ರು ಆಕು."

ಬಿಲ್ಲೆಗಳನ್ನು ನನಗೇ ಇಟ್ಟುಕೊಂಡೆ. ಶಾಲೆಯಲ್ಲಿ ಇನ್ನೊಬ್ಬರ ಉತ್ತರವನ್ನು ನನ್ನ ಹೆಸರಿಗೆ ಬರೆದಾಗ ಬೆತ್ತ ಬಿದ್ದಿತ್ತು. ಇಲ್ಲಿ ನನ್ನದನ್ನು ಇನ್ನೊಬ್ಬರ ಹೆಸರಿಗೆ ಬರೆದಿದ್ದಕ್ಕೆ ಶಾಲು ಹೊದಿಸಿದ್ದೀರಿ. ವಿದ್ಯೆಗೆ ಬೆಲೆಯಿಲ್ಲ ಎಂದವರು ಯಾರು?

ಅರವತ್ತೊಂದರ ಅಧ್ಯಕ್ಷರಿಗೆ ಇಪ್ಪತ್ತೆರಡರ ರಕ್ತನಾಳ. ಡಾಕ್ಟರು ಬೆರಗಾದರು, ನೀವು ಚಪ್ಪಾಳೆ ತಟ್ಟಿದಿರಿ, ಅಧ್ಯಕ್ಷರು ಬಿಪಿ ಮಾತ್ರೆ ಬಿಟ್ಟು ಉಪ್ಪಿನಕಾಯಿ ಜಾಡಿ ಹತ್ತಿರಕ್ಕೆ ಎಳೆದುಕೊಂಡರು.

ಮೊನ್ನೆ ಅವರ ಮನೆಯವರು, ಚಿಕ್ಕಬೋರಮ್ಮನವರು, ನನ್ನನ್ನು ಬಾಗಿಲಲ್ಲೇ ತಡೆದರು. "ಮೂರು ಮೆಟ್ಲು ಅತ್ತುದ್ರೆ ಏದುಸಿರು ಬುಡ್ತಾವ್ರೆ ಕಣ್ ಮಗಾ. ಮಾತ್ರೆ ತಕ್ಕಳಿ ಅಂದ್ರೆ ಗ್ವಾಡೆ ತೋರುಸ್ತಾರೆ. ಆ ಮಿಸನ್ನು ಸುಳ್ಳೇಳ್ತದಾ?"

ಇಲ್ಲಮ್ಮ, ಮಿಷನ್ನು ಸುಳ್ಳು ಹೇಳುವುದಿಲ್ಲ ಎಂದೆ. ಹೇಳಿದವನು ನಾನು ಎನ್ನದೆಯೇ ಮೆಟ್ಟಿಲಿಳಿದು ಬಂದೆ. ಅಮ್ಮಾ, ಹೆಂಗಸರ ಸಾಲಿನಲ್ಲಿ ಕೂತಿದ್ದೀರಿ, ಈಗ ಕೇಳಿಸಿತಲ್ಲ?

ನನಗಿನ್ನು ಈ ಕೆಲಸವಿಲ್ಲ ಎಂದು ಡಾಕ್ಟರ ಮುಖವೇ ಹೇಳುತ್ತಿದೆ. ಅಧ್ಯಕ್ಷರೇ, ತಪ್ಪು ನನ್ನದು, ಅಪ್ಪನದಲ್ಲ. ಯಂತ್ರವನ್ನು ಇನ್ನೂ ಪೆಟ್ಟಿಗೆಗೆ ಹಾಕಿಲ್ಲ. ಬಿಲ್ಲೆ ಇಡಲು ಡಾಕ್ಟರೇ ಇದ್ದಾರೆ. ಪಂಚೆ ಸಡಿಲಿಸಿದ ಮೇಲೆ ಹೊದೆಯಲು, ನೀವು ನನಗೆ ಹೊದಿಸಿದ ಶಾಲನ್ನು ಮಡಿಸಿ ಪರದೆಯ ಒಳಗಿನ ಮಂಚದ ಮೇಲಿಟ್ಟಿದ್ದೇನೆ.

ಇಷ್ಟು ಹೊತ್ತು ಮೈಕು ಕಿತ್ತುಕೊಳ್ಳದ ನಿಮ್ಮೆಲ್ಲರಿಗೂ ಉಪಕಾರ, ನಮಸ್ಕಾರ. ನಾಳೆ ಬೆಳಿಗ್ಗೆ ಆರೂವರೆ ಬಸ್ಸಿಗೆ ಬೇರೆ ಕೆಲಸ ಹುಡುಕಿಕೊಂಡು ನಾನು ಹೋಗುತ್ತಿದ್ದೇನೆ.